ನಾನು ಟೈಪ್ ಮಾಡದೆ ಬಿಟ್ಟ ಹೆಸರು

ಇದನ್ನು ಹೇಳಲು ಇವಳು ಯಾರು ಎಂದು ಓದುವವರಿಗೆ ಅನ್ನಿಸಿದರೆ ಕ್ಷಮಿಸಬೇಕು. ನಾನು ಸಂಜೆ ಕಾಲೇಜಿನಲ್ಲಿ ಓದಿದವಳು. ಸಿಂಧನೂರಿನ ತಹಶೀಲ್ದಾರ್ ಕಚೇರಿಯ ಎದುರು ಕುಳಿತು ಅರ್ಜಿ, ಅಫಿಡವಿಟ್ ಟೈಪ್ ಮಾಡುವುದು ನನ್ನ ಕೆಲಸ. ತಪ್ಪು ನನ್ನದೂ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ಮಸ್ಕಿಯಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ಶಿವಕುಮಾರಿಯವರನ್ನು ಮಾರ್ಚ್‌ನಲ್ಲಿ ನಮ್ಮ ಮಹಿಳಾ ಸಂಘದ ಸಭೆಗೆ ಕರೆದಿದ್ದೆ. ‘ನಾ ಸ್ತ್ರೀವಾದಿ ಅಲ್ಲವ್ವಾ ಮಮತಾ. ಮನಿ ಮುರಿಯೋ ಮಾತು ನನಗ ಬ್ಯಾಡ’ ಎಂದು ನಕ್ಕು ಕಳಿಸಿದ್ದರು. ಅವರ ಓದು, ನೌಕರಿ, ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ಎನ್ನುವ ಕಾನೂನು, ಇವೆಲ್ಲ ಯಾರೋ ಹೆಂಗಸರು ಜಗಳಾಡಿ ತಂದದ್ದೇ ಅಲ್ಲವೇ? ಅಂದು ಬಾಯಿಗೆ ಬರದ ಈ ಉತ್ತರವನ್ನು ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟ ಬರೆದಿಟ್ಟುಕೊಂಡೆ. ಮತ್ತೆ ಸಿಕ್ಕಾಗ ಹೇಳಲೇಬೇಕು ಎಂದಿದ್ದೆ.

ಜೂನ್‌ನಲ್ಲಿ ಅವರ ತಮ್ಮ ಸಂಗನಬಸವ ಲಿಂಗಸುಗೂರಿನಿಂದ ಬಂದ. ತಂದೆ ಅಮರಗುಂಡಪ್ಪ ತೀರಿಕೊಂಡಿದ್ದರು. ವಳಕಮದಿನ್ನಿಯ ಗದ್ದೆ ವಾರಸುದಾರರ ಹೆಸರಿಗೆ ಆಗಬೇಕಿತ್ತು. ಅದಕ್ಕೆ ವಂಶವೃಕ್ಷದ ಅಫಿಡವಿಟ್ ಬೇಕು. ಹೆಂಡತಿ ಪಂಪಮ್ಮ, ಮಗ ಸಂಗನಬಸವ ಎಂದು ಬರೆಸಿದ. ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಡುವುದು ನಮ್ಮ ಕಡೆಯ ರೂಢಿ. ಇವನಿಗೆ ಅಕ್ಕ ಇದ್ದಾರೆಂದು ನನಗೆ ಗೊತ್ತಿತ್ತು. ಕೇಳಲಿಲ್ಲ, ಹೇಳಿದಷ್ಟು ಟೈಪ್ ಮಾಡಿದೆ.

ಮರುದಿನ ಹೆಬ್ಬೆಟ್ಟು ಒತ್ತಲು ಪಂಪಮ್ಮನನ್ನು ಕರೆದುಕೊಂಡು ಮಸ್ಕಿಯಿಂದ ಶಿವಕುಮಾರಿಯವರೇ ಬಂದರು. ಸಂಗನಬಸವನೂ ಇದ್ದ. ನಾನು ಇಂಕ್ ಪ್ಯಾಡ್ ತೆರೆದೆ.

‘ತಡಿಯವ್ವಾ, ಓದಿ ಹೇಳತೀನಿ. ಗೊತ್ತಿಲ್ಲದ ಕಾಗದಕ್ಕ ಒತ್ತಬ್ಯಾಡ’ ಎಂದು ಶಿವಕುಮಾರಿ ಹಾಳೆ ತೆಗೆದುಕೊಂಡರು. ಓದುತ್ತ ನಡುವೆ ನಿಲ್ಲಿಸಿದರು.

‘ಬಸೂ, ನಾ ಯಾರ ಹೊಟ್ಟ್ಯಾಗ ಹುಟ್ಟೀನೋ?’

‘ಅಕ್ಕಾ, ನಿನ್ನ ಹೆಸರು ಗಂಡನ ಮನಿ ಕಡೆ ಬರತೈತಿ. ಎಲ್ಲಾರೂ ಹಿಂಗ ಬರಸ್ತಾರ.’

‘ಅಪ್ಪ ದವಾಖಾನ್ಯಾಗ ಇದ್ದಾಗ ಹದಿನೆಂಟು ದಿನ ನಾ ಯಾವ ಕಡೆ ಇದ್ದೆ?’

‘ನೀನೂ ಇವರ ಸಂಘದಾಕಿ ಆದೇನು?’ ಎಂದು ಅವನು ನನ್ನನ್ನು ನೋಡಿ ಕುಟುಕಿದ.

‘ಸಂಘ ಗಿಂಘ ನನಗ ಗೊತ್ತಿಲ್ಲೋ. ಅಮರಗುಂಡಪ್ಪನ ಮಗಳು ನಾ.’

ಪಂಪಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ‘ಇಕಿ ಹೆಸರು ಬರೀರಿ, ಆಮ್ಯಾಲೆ ಒತ್ತತೀನಿ.’

ಶಿವಕುಮಾರಿಯವರು ನನ್ನ ಕಡೆ ತಿರುಗಿದರು. ‘ಏನವ್ವಾ ಮಮತಾ, ಸಭಾಕ್ಕ ಕರಿಯಾಕ ನನ್ನ ಹೆಸರು ನೆನಪಿತ್ತು. ಇಲ್ಲಿ ಮರತೇನು?’

ನೋಟ್‌ಬುಕ್ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.

‘ತಪ್ಪಾತ್ರಿ ಟೀಚರ್.’

ಮತ್ತೆ ಟೈಪ್ ಮಾಡಿದೆ. ಶಿವಕುಮಾರಿ, ಮಗಳು, ವಯಸ್ಸು ನಲವತ್ತೊಂದು. ತಮ್ಮನ ಹೆಸರು ಒಂದು ಸಾಲು ಕೆಳಗೆ ಇಳಿಯಿತು.

ಹೊರಡುವಾಗ ಸಂಗನಬಸವ ಮೆತ್ತಗೆ, ‘ಮುಂದ ಹಕ್ಕು ಬಿಟ್ಟ ಪತ್ರಕ್ಕಾದ್ರೂ ಸಹಿ ಮಾಡ್ತೀಯಿಲ್ಲಕ್ಕಾ?’ ಎಂದ.

‘ಬಿಡಾಕ ಮೊದಲು ನನ್ನ ಹೆಸರು ಇರಬೇಕಲ್ಲೋ ತಮ್ಮಾ. ಅದನ್ನ ಆಮ್ಯಾಲೆ ನೋಡೂಣು’ ಎಂದು ತಾಯಿಯ ಕೈ ಹಿಡಿದು ಬಸ್‌ಸ್ಟ್ಯಾಂಡ್ ಕಡೆ ನಡೆದರು.

ಈಗ ವಂಶವೃಕ್ಷ ಬರೆಸಲು ಯಾರು ಬಂದರೂ ಹೆಣ್ಣುಮಕ್ಕಳ ಹೆಸರನ್ನು ನಾನೇ ಕೇಳುತ್ತೇನೆ. ಶಿವಕುಮಾರಿಯವರ ಹಕ್ಕು ಬಿಟ್ಟ ಪತ್ರ ನನ್ನ ಟೇಬಲ್ಲಿಗೆ ಬಂದಿಲ್ಲ. ಬೇರೆ ಕಡೆ ಬರೆಸಿದರೋ, ಬರೆಸಲೇ ಇಲ್ಲವೋ ತಿಳಿಯದು. ಆ ಒಂದೂವರೆ ಪುಟವನ್ನು ಅವರಿಗೆ ಓದಿ ಹೇಳಬೇಕಿತ್ತೋ ಬೇಡವೋ, ಅದೂ ನನಗೆ ಗೊತ್ತಿಲ್ಲ.