ಎಲ್ಲ ಮರವೂ ಹತ್ತೊಂಬತ್ತು

ಹಗ್ಗದಕ್ಕನ ಅಂಗೈಯಲ್ಲಿ ಗೆರೆಗಳೇ ಉಳಿದಿಲ್ಲ. ಮೇಲೆ ಕಡಿದ ಕೊಂಬೆಗಳನ್ನು ಹಗ್ಗದಲ್ಲಿ ಕೆಳಗಿಳಿಸಿ ಇಳಿಸಿ ಹನ್ನೊಂದು ವರ್ಷದಲ್ಲಿ ಎಲ್ಲ ಸವೆದುಹೋಗಿವೆ. ಹೋದ ವರ್ಷದವರೆಗೆ ಮರ ಹತ್ತುತ್ತಿದ್ದವನು ಅವಳ ಗಂಡ. ಈಗ ಅವಳ ತಮ್ಮ.

ಗಂಡ ಸತ್ತದ್ದು ಹೀಗೆ. ಇಪ್ಪತ್ತು ಮೀಟರ್ ದಾಟಿದ ಮರಕ್ಕೆ ಕ್ರೇನ್ ತರಿಸಬೇಕು ಅನ್ನುತ್ತದೆ ಕಾನೂನು. ಕ್ರೇನ್ ಅಂದರೆ ಮೇಲಿನ ಕಚೇರಿಗೆ ನಾಲ್ಕು ಪತ್ರ, ಎಂಟು ದಿನ ಕಾಯಬೇಕು. ಅಳತೆ ಸಾಹೇಬರಿಗೆ ಆ ತಲೆನೋವು ಯಾಕೆ? ಅವರ ಕೈಯ ಲೇಸರ್ ಯಂತ್ರದಲ್ಲಿ ಎಲ್ಲ ಮರವೂ ಹತ್ತೊಂಬತ್ತೇ. ಆ ಅಂಕಿ ಬರೆದ ಚೀಟಿ ನೋಡಿಯೇ ಉಗ್ರಾಣದವರು ಅಷ್ಟೇ ಉದ್ದದ ಹಗ್ಗ ಕತ್ತರಿಸಿ ಕೊಡುತ್ತಾರೆ. ಗಂಡ ಇಳಿಯುತ್ತಿದ್ದಾಗ, ನೆಲ ಇನ್ನೂ ಮೂರಾಳು ಕೆಳಗಿರುವಾಗಲೇ ಹಗ್ಗ ಮುಗಿಯಿತು. ಕೆಳಗೆ ಕಲ್ಲುಚಪ್ಪಡಿ. ವರದಿಯಲ್ಲಿ ಬರೆದದ್ದು, "ಕೆಲಸಗಾರನ ಅಜಾಗರೂಕತೆ." ಸತ್ತವನ ಮೇಲೆ ಗೂಬೆ ಕೂರಿಸುವುದು ಎಷ್ಟು ಸಲೀಸು ನೋಡಿ!

ಇವತ್ತು ಶಾಲೆಯ ಅಂಗಳದ ಮರ. ಹತ್ತುವವರು ತಮ್ಮನೂ ಸೇರಿ ಐವರು. ಸಾಹೇಬರು ಬುಡಕ್ಕೇ ಬಂದು, ಕತ್ತೆತ್ತಿ ಗುಂಡಿ ಒತ್ತಿದರು. ಕಿರಣ ತುದಿಗೆ ಎಲ್ಲಿ ಹೋಗುತ್ತದೆ? ಅಡ್ಡ ಬಂದ ಕೊಂಬೆಗೆ ತಾಗಿ ವಾಪಸ್ಸು ಬಂತು.

"ಹತ್ತೊಂಬತ್ತು. ಹತ್ತಪ್ಪ ಬೇಗ."

ತಮ್ಮ ನಡುಪಟ್ಟಿ ಬಿಗಿದುಕೊಂಡ. ಹಗ್ಗದಕ್ಕ ಅವನ ತೋಳು ಹಿಡಿದಳು. "ಹತ್ತಬೇಡ ಕಣೋ."

"ಏನಮ್ಮ ನಿಂದು?" ಎಂದರು ಸಾಹೇಬರು.

"ಬುಡದಲ್ಲಿ ನಿಂತ್ರೆ ತುದಿ ಕಾಣ್ಸುತ್ತಾ ಸಾಹೇಬ್ರೇ? ಗೇಟ್ ಹತ್ರ ಹೋಗಿ. ಬುಡಾನೂ ತುದೀನೂ ಎರಡೂ ಕಾಣೋ ಕಡೆ ನಿಂತು ಅಳೀರಿ."

"ಓಹೋ! ಹಗ್ಗ ಎಳೆಯೋಳು ನಂಗೆ ಪಾಠ ಹೇಳ್ತೀಯಾ?"

"ಹೇಳ್ತೀನಿ. ನಿಮ್ಮ ಅಳತೆ ನಂಬಿ ಗಂಡನ್ನ ಕಳ್ಕೊಂಡೋಳು ನಾನು. ಹತ್ತೊಂಬತ್ತೇ ಅಂತೀರಾ? ಸರಿ, ತಗೊಳ್ಳಿ ಹಗ್ಗ. ನೀವೇ ಹತ್ತಿ ಇಳೀರಿ, ನಾವು ನೋಡ್ತೀವಿ."

ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು.

"ಕೆಲಸ ಬೇಡ್ವೇನ್ರೋ? ನಾಳೆಯಿಂದ ಬೇರೆಯವರನ್ನ ಕರೀತೀನಿ!"

ತಮ್ಮ ನಡುಪಟ್ಟಿ ಬಿಚ್ಚಿ ಅವರ ಕಾಲ ಬಳಿ ಇಟ್ಟ. ಅವನ ಹಿಂದೆ ಇನ್ನೊಬ್ಬ. ನೋಡುನೋಡುತ್ತಲೇ ಮರ ಹತ್ತುವ ಐವರ ಪಟ್ಟಿಗಳೂ ಅಲ್ಲಿದ್ದವು.

"ಕರೀರಿ ಸಾಹೇಬ್ರೇ," ಎಂದ ತಮ್ಮ. "ಬಂದೋರಿಗೂ ಇದನ್ನೇ ಹೇಳ್ತೀವಿ."

ಸಾಹೇಬರು ಗೊಣಗುತ್ತ ಗೇಟಿನವರೆಗೆ ನಡೆದರು. ಬುಡಕ್ಕೊಮ್ಮೆ, ತುದಿಗೊಮ್ಮೆ ಗುರಿಯಿಟ್ಟು ಒತ್ತಿದರು. ಹಗ್ಗದಕ್ಕ ಪಕ್ಕದಲ್ಲೇ ನಿಂತು ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಓದಿದಳು.

"ಇಪ್ಪತ್ನಾಲ್ಕು!"

"ಆಯ್ತಲ್ಲ, ಕ್ರೇನ್ ತರಿಸ್ತೀನಿ. ಸಮಾಧಾನಾನಾ?" ಸಾಹೇಬರು ಯಂತ್ರವನ್ನು ಚೀಲಕ್ಕೆ ಹಾಕಹೊರಟರು.

"ಒಳಗಿಡಬೇಡಿ. ನನ್ನ ಗಂಡ ಬಿದ್ದ ಮರ ಹಿಂದಿನ ಬೀದೀಲಿ ಇನ್ನೂ ನಿಂತಿದೆ. ನಡೀರಿ, ಅದನ್ನೂ ಅಳೀರಿ. ಆಮೇಲೆ ವರದಿ ತಿದ್ದಿ."

ಐವರೂ ಆಗಲೇ ಗೇಟು ತೆಗೆದು ನಿಂತಿದ್ದರು.