ಬಣ್ಣ ಬಿಡದ ಕೌದಿ

ಕೌದಿಯ ಒಂದು ತುದಿ ರೇಣುಕವ್ವನ ಮುಷ್ಟಿಯಲ್ಲಿತ್ತು, ಇನ್ನೊಂದು ತುದಿ ರಜಿಯಾಬಿಯ ಮುಷ್ಟಿಯಲ್ಲಿ. ಹಿತ್ತಲ ಬಾಗಿಲಲ್ಲಿ ಇಬ್ಬರೂ ಜಗ್ಗಾಡುತ್ತಿದ್ದರು. ನೀರು ಕುಡಿದ ಕೌದಿ ಕರುವಿನಷ್ಟು ಭಾರವಾಗಿತ್ತು.

"ಬಿಡಬೇ! ಸತ್ತವರ ಹಾಸಿಗಿ ಮನ್ಯಾಗ ಇಟಗೋಬಾರ್ದು. ಕುಣ್ಯಾಗ ಹಾಕಬೇಕು," ಎಂದಳು ರೇಣುಕವ್ವ.

"ಹಾಕೂದಿದ್ರ ತೊಳದದ್ದ್ಯಾಕ? ಮಣ್ಣಾಗ ಹೋಗೋ ಕೌದಿನ್ನ ಯಾರರೆ ತೊಳೀತಾರೇನು?"

ರೇಣುಕವ್ವ ಕಾಲೆತ್ತಿ ರಜಿಯಾಬಿಯ ಮೊಣಕಾಲಿಗೆ ಒದ್ದಳು. ರಜಿಯಾಬಿ ಕುಸಿದಳು, ಆದರೆ ಕೌದಿ ಬಿಡಲಿಲ್ಲ.

ಒಳಗೆ ಪಡಸಾಲೆಯಲ್ಲಿ ಮರೆವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ, ತಲೆಯ ಸುತ್ತ ಬಿಗಿದು ಕಟ್ಟಿದ ಹೊಸ ಬಟ್ಟೆ. ಭಜನೆಯವರು ತಾಳ ಹಾಕುತ್ತಿದ್ದರು. ಗಂಡ ಭರಮಪ್ಪ ಬಂದವರಿಗೆಲ್ಲ ಒಂದೇ ಮಾತು ಒಪ್ಪಿಸುತ್ತಿದ್ದ. "ಜ್ವರಾ ಬಂದು ಮಲಗಿದ್ಲರೀ. ಮುಂಜಾನೆ ನೋಡಿದ್ರ ಹೋಗಿಬಿಟ್ಟಿದ್ಲು." ಓಣಿಯ ಹೆಂಗಸರು ಬರುವ ಮೊದಲೇ ಅವನ ಅಕ್ಕ ರೇಣುಕವ್ವ ಬಾಗಿಲು ಹಾಕಿಕೊಂಡು, ಹೆಣಕ್ಕೆ ಒಬ್ಬಳೇ ನೀರು ಹಾಕಿ ಎಲ್ಲ ಮುಗಿಸಿದ್ದಳು. ಇಪ್ಪತ್ತು ವರ್ಷ ತಮ್ಮನ ಹೆಂಡತಿಗೆ ಒಂದು ತಂಬಿಗೆ ನೀರು ಎತ್ತಿ ಕೊಡದವಳಿಗೆ ಇವತ್ತು ಇಷ್ಟು ಅಕ್ಕರೆ ಎಲ್ಲಿಂದ ಉಕ್ಕಿತು ಎಂದು ಯಾರೂ ಕೇಳಲಿಲ್ಲ.

ರಜಿಯಾಬಿಯದು ಪಕ್ಕದ ಮನೆ. ನಡುವೆ ಇರುವುದು ಒಂದೇ ಮಣ್ಣಿನ ಗೋಡೆ. ನಿನ್ನೆ ದೀಪ ಹಚ್ಚುವ ಹೊತ್ತಿನಲ್ಲಿ ಆ ಗೋಡೆ ಮೂರು ಸಲ ಅದುರಿತ್ತು. ಮೂರನೆಯ ಸಲ ಗೂಟಕ್ಕೆ ಹಾಕಿದ್ದ ಲಾಟೀನು ಬಿದ್ದು ಗಾಜು ಒಡೆದಿತ್ತು. ರಜಿಯಾಬಿ ದಡಕ್ಕನೆ ಎದ್ದಾಗ ಅವಳ ಗಂಡ, ದರ್ಜಿ ನಬೀಸಾಬ, ಹೊಲಿಯುವ ಮಷಿನ್ನಿನಿಂದ ತಲೆ ಎತ್ತದೆ ಹೇಳಿದ್ದ: "ಕೂಡು. ಗಂಡಾ ಹೆಂಡರ ಜಗಳ ಉಂಡು ಮಲಗೂತನಕ." ಅವಳು ಕೂತಳು. ಉಂಡಳು, ಮಲಗಿದಳು ಕೂಡ. ಆ ಗಾದೆ ಕಟ್ಟಿದವನು ಗಂಡಸೇ ಇರಬೇಕು. ಅದರಲ್ಲಿ ಮುಂಜಾನೆ ಏಳುವ ಮಾತೇ ಇಲ್ಲ.

*

ನಾಲ್ಕು ವರ್ಷದ ಹಿಂದೆ, ಎಪ್ಪತ್ಮೂರರ ಸುಗ್ಗಿಯಲ್ಲಿ, ಬಮ್ಮಿಗಟ್ಟಿಯ ಶಂಕ್ರಪ್ಪ ಮೊಮ್ಮಗನ ತೊಟ್ಟಿಲಿಗೆಂದು ಮರೆವ್ವನಿಂದ ಕೌದಿ ಹೊಲಿಸಿದ್ದ. ಕಲಘಟಗಿ ಸಂತೆಯಲ್ಲಿ ಕೊಂಡ ಕೆಂಪು ಅರಿವೆಯನ್ನು ಅವಳು ಅವಸರದಲ್ಲಿ ತೊಳೆಯದೆ ಕೌದಿಗೆ ಹಚ್ಚಿದ್ದಳು. ಕೂಸು ಉಚ್ಚೆ ಹೊಯ್ದ ಮೊದಲ ದಿನವೇ ಕೆಂಪು ಇಳಿದು ಬಿಳಿ ಅಸ್ತರು, ಕುಲಾಯಿ, ಕೂಸಿನ ಬೆನ್ನು ಎಲ್ಲ ಕೆಂಪಾದವು. ಬಾಣಂತಿ ರಕ್ತವೆಂದು ತಿಳಿದು ಚೀರಿಕೊಂಡಳು. ಶಂಕ್ರಪ್ಪ ಆ ಕೌದಿಯನ್ನು ತಂದು, ನಾಲ್ಕು ಜನ ಕೂತ ಕಟ್ಟೆಯ ಮೇಲೆ, ಭರಮಪ್ಪನ ಮುಖದ ಮೇಲೆಯೇ ಒಗೆದು ಹೋದ.

ಭರಮಪ್ಪ ಹೆಂಡತಿಯನ್ನು ತುರುಬು ಹಿಡಿದು ಓಣಿಗೆ ಎಳೆದು ತಂದ. ಅವನ ಕೈಯಲ್ಲಿ ಬಾರಕೋಲಿತ್ತು. ಎತ್ತಿಗೂ ಅವನು ಎಂದೂ ಹಾಗೆ ಬಾರಿಸಿದವನಲ್ಲ. ಕುಪ್ಪಸ ಹರಿಯಿತು, ಬೆನ್ನಿನ ತೊಗಲು ಸೀಳಿತು. ಅಡ್ಡ ಹಿಡಿದ ಬಲಗೈಯ ಬೆರಳು ಮುರಿದ ಸದ್ದು ಬಾಗಿಲಲ್ಲಿ ನಿಂತ ರಜಿಯಾಬಿಗೆ ಕೇಳಿಸಿತು. ಮರೆವ್ವ ನೆಲಕ್ಕೆ ಬಿದ್ದ ಮೇಲೆ ಅವನು ಏದುಸಿರು ಬಿಡುತ್ತ ಹೇಳಿದ: "ಇನ್ನೊಮ್ಮೆ ನಿನ್ನ ಕೌದಿ ಬಣ್ಣ ಬಿಟ್ರ, ಅದರಾಗ ಸುತ್ತಿ ಹುಗಿತೇನಿ." ಇಡೀ ಓಣಿ ಅದನ್ನು ಕೇಳಿತು, ಕೇಳಿ ಒಲೆ ಹಚ್ಚಲು ಒಳಗೆ ಹೋಯಿತು.

ಬೆರಳು ಸೊಟ್ಟಗೇ ಕೂಡಿತು. ಅಂದಿನಿಂದ ಮರೆವ್ವ ಯಾವ ಅರಿವೆಯ ಚೂರನ್ನೂ ನಂಬಲಿಲ್ಲ. ಮೂರು ದಿನ ಉಪ್ಪುನೀರಿನಲ್ಲಿ ನೆನೆಹಾಕುವಳು. ಹಿಂಡಿದ ನೀರು ಕುಡಿಯುವ ನೀರಿನಷ್ಟು ತಿಳಿಯಾಗುವ ತನಕ ತೊಳೆಯುವಳು. ಕೊನೆಗೆ ಬಿಳಿ ಅರಿವೆ ಒದ್ದೆ ಮಾಡಿ ಅದರ ಮೇಲೆ ಉಜ್ಜಿ ಉಜ್ಜಿ ಬೆಳಕಿಗೆ ಹಿಡಿದು ನೋಡುವಳು. ಗಂಡನ ಅಂಗಡಿಯ ಚೂರುಪಾರು ತಂದುಕೊಡುತ್ತಿದ್ದ ರಜಿಯಾಬಿ ನಗುತ್ತಿದ್ದಳು.

"ಸಾಕ ಬಿಡಕ್ಕಾ, ಅರಿವಿ ಸವದ ಹೋತು."

"ಅರಿವಿ ಸವದ್ರ ಸವೀಲಿ ರಜಿಯಾ. ನನ್ನ ಬೆನ್ನರೆ ಉಳೀಲಿ."

ಸುತ್ತಲಿನ ಊರಿಗೆಲ್ಲ ಕೌದಿ ಹೊಲಿದವಳು ತನಗೆಂದು ಹೊಲಿದುಕೊಂಡದ್ದು ಒಂದೇ. ಅದರ ನಟ್ಟನಡುವೆ ಒಂದೇ ಒಂದು ಕೆಂಪು ಚೌಕ, ರಜಿಯಾಬಿಯ ಮದುವೆಯ ಓಢಣಿಯದು. ಗೆಳತಿಯ ಓಢಣಿಯೆಂದು ಬಿಡಲಿಲ್ಲ, ಅದನ್ನೂ ಮೂರು ದಿನ ನೆನೆಹಾಕಿದ್ದಳು.

*

"ಏನ ಗದ್ದಲಾ ಅದು? ಹೆಣಾ ಕುಂತೈತಿ ಒಳಗ!"

ಪಂಚಾಯ್ತಿ ಚೇರಮನ್ನ ಮಡಿವಾಳೆಪ್ಪ ಹಿತ್ತಲಿಗೆ ಬಂದ. ಹಿಂದೆಯೇ ಭರಮಪ್ಪ, ನಬೀಸಾಬ, ಓಣಿಯ ಹೆಂಗಸರು. ರೇಣುಕವ್ವ ಗಾಬರಿಯಿಂದ ಕೈ ಬಿಟ್ಟಳು. ಕೌದಿ ನೆಲದ ಮೇಲೆ ಬಿಚ್ಚಿಕೊಂಡಿತು. ಮೇಲಾಗಿ ಬಿದ್ದ ಬಿಳಿ ಅಸ್ತರಿನ ಒಂದು ತುದಿಯಲ್ಲಿ ಮೊರದಗಲ ಕೆಂಗಂದು ಕಲೆಯಿತ್ತು.

"ಬಣ್ಣರೀ ಕಾಕಾ," ಎಂದ ಭರಮಪ್ಪ, ಯಾರೂ ಕೇಳುವ ಮೊದಲೇ. "ಜ್ವರದ ಬೆವರಿಗೆ ಆ ಕೆಂಪು ಚೌಕ ಬಣ್ಣ ಬಿಟ್ಟೈತಿ. ಆಕಿ ಕೌದಿ ಬಣ್ಣ ಬಿಡೂದು ಹೊಸಾದೇನ್ರಿ? ಊರಿಗೇ ಗೊತ್ತೈತಿ."

ಊರಿಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಅವಳ ಕೌದಿ ಒಂದು ಹನಿ ಬಣ್ಣ ಬಿಟ್ಟಿಲ್ಲವೆಂಬುದೂ ಊರಿಗೆ ಗೊತ್ತಿತ್ತು. ಹೆಂಗಸರು ನೆಲ ನೋಡಿದರು.

ಕುಣಿ ತೋಡಲು ಹೋಗಿದ್ದ ಕುಬೇರಪ್ಪ ಆಗಲೇ ಬಂದು, "ಕುಣಿ ತಯಾರಾತ್ರಿ, ಎತ್ತೂಣು," ಎಂದ. ಈಗ ಎತ್ತಿದರೆಂದರೆ ಅರ್ಧ ತಾಸಿನಲ್ಲಿ ಮರೆವ್ವ ಮಣ್ಣಿನಡಿ. ಆಮೇಲೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

"ರಜಿಯಾ, ಮನಿಗೆ ನಡಿ," ಎಂದ ನಬೀಸಾಬ. "ಅವರ ಮನಿ ಉಸಾಬರಿ ನಮಗ್ಯಾಕ?"

"ನಿನ್ನಿ ಕೂಡು ಅಂದ್ರಿ, ಕೂತೆ. ಇವತ್ತ ಕೂಡೂದಿಲ್ರಿ." ಅವಳು ಮಡಿವಾಳೆಪ್ಪನ ಕಡೆ ತಿರುಗಿದಳು. "ಕಾಕಾರ, ಚೌಕ ನಡುವ ಐತಿ, ಕಲಿ ತಲಿ ಕಡೆ ಐತಿ. ಬಣ್ಣ ಹಾರಿ ಹೋತೇನ್ರಿ? ಬಿಸಿನೀರಾಗ ತೊಳದಾರಿದನ್ನ. ರಗತಕ್ಕ ಬಿಸಿನೀರ ಬಿದ್ರ ಕಲಿ ಕಚ್ಚಿಬಿಡತೈತಿ. ತಿಂಗಳಾ ಅರಿವಿ ಒಗ್ಯಾ ಹೆಂಗಸ್ರಿಗೆ ಇದು ಗೊತ್ತ. ಗಾಬರ್ಯಾಗ ರೇಣುಕವ್ವ ಮರತಾಳ."

"ಹಲ್ಕಟ್ ರಂಡೆ!" ಭರಮಪ್ಪ ಒಲೆಯ ಪಕ್ಕದ ಕಟ್ಟಿಗೆ ಎಳೆದುಕೊಂಡು ಬೀಸಿದ. ಮೊದಲ ಏಟು ರಜಿಯಾಬಿಯ ಹೆಗಲಿಗೆ ಬಿತ್ತು. ಅವಳು ಕೌದಿಯ ಮೇಲೆ ಬೋರಲಾಗಿ ಬಿದ್ದು ಅದನ್ನು ಎರಡೂ ಕೈಯಿಂದ ಅವುಚಿಕೊಂಡಳು. ಎರಡನೆಯದು ಬೀಳಲಿಲ್ಲ. ಹುಟ್ಟಿದಾಗಿನಿಂದ ಕತ್ತರಿಗಿಂತ ಭಾರದ್ದನ್ನು ಎತ್ತದ ನಬೀಸಾಬ ಆ ಕಟ್ಟಿಗೆಗೆ ಜೋತುಬಿದ್ದಿದ್ದ. ಕುಬೇರಪ್ಪ ಹಿಂದಿನಿಂದ ಭರಮಪ್ಪನ ಕುತ್ತಿಗೆಗೆ ತೋಳು ಹಾಕಿ ಅವನನ್ನು ಮೊಣಕಾಲಿಗೆ ತಂದ.

"ಬಿಡ್ರಿ! ನನ್ನ ಹೆಣ್ತಿ! ನನ್ನ ಮನಿ!" ಎಂದು ಒದರಿದ ಭರಮಪ್ಪ.

ರಜಿಯಾಬಿ ಎದ್ದು ಕೌದಿಯನ್ನು ತಿರುವಿ ಹಾಕಿದಳು. ಕೆಂಪು ಚೌಕ ಮೇಲೆ ಬಂತು. "ನನ್ನ ಮಾತ ನಂಬಬ್ಯಾಡ್ರಿ ಕಾಕಾರ. ನೀವ ಉಜ್ಜಿ ನೋಡ್ರಿ. ಆಕಿ ಹೆಂಗ ಉಜ್ಜತಿದ್ಲೋ ಹಂಗ."

ಮಡಿವಾಳೆಪ್ಪ ತಲೆಯ ಬಿಳಿ ರುಮಾಲನ್ನು ಬಿಚ್ಚಿದ. ಅದರ ತುದಿಯನ್ನು ಬಾವಿಯ ಕೊಡದಲ್ಲಿ ಅದ್ದಿ, ಕುಕ್ಕರುಗಾಲಲ್ಲಿ ಕೂತು ಚೌಕದ ಮೇಲೆ ಉಜ್ಜಿದ. ಮೊದಲು ಮೆಲ್ಲಗೆ, ಆಮೇಲೆ ರಟ್ಟೆ ನೋಯುವಂತೆ. ಒಳಗೆ ಭಜನೆಯ ತಾಳ ನಿಂತಿತು. ಎದ್ದು ರುಮಾಲನ್ನು ಬಿಸಿಲಿಗೆ ಹಿಡಿದ. ಎಲ್ಲರೂ ಕತ್ತೆತ್ತಿ ನೋಡಿದರು. ರುಮಾಲು ಅಂಗಡಿಯಿಂದ ತಂದಾಗ ಇದ್ದಷ್ಟೇ ಬೆಳ್ಳಗಿತ್ತು.

ಓಣಿಯ ಹಿರಿಯಳು ಅನ್ನವ್ವ ಯಾರೂ ಹೇಳದೆಯೇ ಒಳಗೆ ಹೋದಳು. ನಾಲ್ಕು ಹೆಂಗಸರು ಅವಳ ಹಿಂದೆ ಹೋದರು. ಮರೆವ್ವನ ತಲೆಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚಿದರು. ಆಮೇಲೆ ಅನ್ನವ್ವ ಕೂಗಿಕೊಂಡಳು: "ಯವ್ವಾ, ತಲಿ ಒಡದೈತಿ!"

ರೇಣುಕವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

"ಕುಬೇರಪ್ಪಾ, ಅವನ್ನ ಕಂಬಕ್ಕ ಕಟ್ಟು. ಆಮ್ಯಾಲ ಸೈಕಲ್ ತಗೊಂಡು ಕಲಘಟಗಿ ಠಾಣೆಕ್ಕ ಹೋಗು," ಎಂದ ಮಡಿವಾಳೆಪ್ಪ. ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿದ್ದ ರುಮಾಲನ್ನು ಹಿಂಡಿದ. ಭರಮಪ್ಪನ ಮೊಣಕಾಲಿನ ಮುಂದೆ ನೆಲಕ್ಕೆ ಬಿದ್ದ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿತ್ತು.