ಪುಸ್ತಕದೊಳಗಿನ ಪಟ್ಟೆ

“ಏ ಮುಂಡೇದೇ, ಕೋಳಿಗೆ ಕಾಳು ಹಾಕ್ದಂಗೆ ಹಾಕ್ತಿದೀಯಲ್ಲೇ! ಕೈ ಬೀಸಿ ಎರಚು! ಬಣ್ಣ ಆರೋಯ್ತು ಅಂದ್ರೆ ಉಳಿದಿದ್ದನ್ನ ನಿನ್ ತಲೆ ಮೇಲೇ ಸುರೀತೀನಿ!”

ಮೇಸ್ತ್ರಿಯ ಬಾಯಿಗೆ ಬೀಗವಿರಲಿಲ್ಲ. ಅವನು ಬೈಯುತ್ತಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೂ ಸುಮ್ಮನಾದರೆ ಯಾರದೋ ಕೂಲಿಗೆ ಕಲ್ಲು ಬಿತ್ತೆಂದೂ ಅರ್ಥ. ಆದ್ದರಿಂದ ಅವಳು ತಲೆ ಎತ್ತದೆ ಡಬ್ಬಿಗೆ ಕೈ ಹಾಕಿ, ಹಿಡಿ ತುಂಬ ಗಾಜಿನ ಪುಡಿ ತೆಗೆದು, ಆಗ ತಾನೇ ಎಳೆದ ಬಿಳಿ ಗೆರೆಯ ಮೇಲೆ ಬೀಸಿದಳು. ಕುದಿಯುವ ಬಣ್ಣವನ್ನು ತಳ್ಳುಗಾಡಿಗೆ ಸುರಿದು ಗಂಡಸರು ಎಳೆದುಕೊಂಡು ಹೋಗುತ್ತಿದ್ದರು. ಅವರ ಹಿಂದೆ ಬಗ್ಗಿಕೊಂಡೇ ನಡೆಯುತ್ತ ಗಾಜು ಎರಚುವುದು ಅವಳ ಕೆಲಸ. ವಾಹನದ ಬೆಳಕು ಬಿದ್ದಾಗ ಗೆರೆ ಹೊಳೆಯಲಿ ಎಂದು ಈ ಗಾಜು. ಒಂಬತ್ತು ವರ್ಷದಿಂದ ಇದನ್ನೇ ಮಾಡಿ, ಜೊತೆಯವರ ಬಾಯಲ್ಲಿ ಅವಳು ಗಾಜಿನಕ್ಕ ಆಗಿಬಿಟ್ಟಿದ್ದಳು. ಅಂಗೈಯ ಗೆರೆಗಳಲ್ಲೂ ಗಾಜು, ಕೂದಲಲ್ಲೂ ಗಾಜು. ಬಿಸಿಲಿಗೆ ನಿಂತರೆ ಅವಳೇ ಮಿನುಗುತ್ತಾಳೆ ಎಂದು ಗಂಡಸರು ತಮಾಷೆ ಮಾಡುತ್ತಿದ್ದರು.

ಆ ದಿನ ಎಳೆಯುತ್ತಿದ್ದುದು ಸೈಕಲ್ ದಾರಿಯ ಗೆರೆ. ದೊಡ್ಡವರ ಬಡಾವಣೆಯ ಪಾರ್ಕಿನ ಸುತ್ತ, ಮರದ ನೆರಳಿನಲ್ಲಿ, ನುಣ್ಣನೆಯ ರಸ್ತೆ. ಹೊಟ್ಟೆ ಕರಗಿಸಲು ಓಡುವವರು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಒಂದು ಕಾರು ಅವಳ ಬೆನ್ನಿಗೇ ಬಂದು ನಿಂತು ಹಾರ್ನ್ ಹೊಡೆಯಿತು. ಕಿಟಕಿಯ ಗಾಜು ಇಳಿಸಿದವನು ಕತ್ತು ಹೊರಗೆ ಹಾಕಿದ.

“ಕಣ್ಣು ಕಾಣಲ್ವಾ? ರಸ್ತೆಗೆ ಅಡ್ಡ ಬಂದು ಸಾಯ್ತೀರಲ್ಲ!”

ಅಡ್ಡ ಬಂದು. ಆ ಮಾತು ಕೇಳಿದ್ದೇ ತಡ, ಅವಳ ಕೈಯಲ್ಲಿದ್ದ ಗಾಜು ಬೆರಳ ಸಂದಿಯಿಂದ ಸುರಿದುಹೋಯಿತು. ಆರು ವಾರಗಳಿಂದ ಆ ಮಾತು ಅವಳನ್ನು ಕೂತಲ್ಲಿ ಕೂರಲು ಬಿಟ್ಟಿರಲಿಲ್ಲ.

ಅವಳ ಮಗಳು ಮನೆಯೆದುರಿನ ಹೆದ್ದಾರಿಯಾಚೆಯ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಇವರಿದ್ದ ತಗಡಿನ ಮನೆಗಳ ಸಾಲು ಹೆದ್ದಾರಿಯ ಈ ಬದಿ, ಕಾರ್ಖಾನೆ ಆ ಬದಿ. ನಡುವೆ ಆರು ಸಾಲು ವಾಹನ. ಹತ್ತೊಂಬತ್ತು ವರ್ಷದ ಹುಡುಗಿ, ಊಟದ ಡಬ್ಬಿ ಎದೆಗವಚಿಕೊಂಡು ದಿನಕ್ಕೆರಡು ಸಲ ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದಳು. ಆರು ವಾರಗಳ ಹಿಂದೆ ಬೆಳಿಗ್ಗೆ ನಾಲ್ಕು ಸಾಲು ದಾಟಿದಳು, ಐದನೆಯದರಲ್ಲಿ ಕಾರು ಹೊಡೆಯಿತು. ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಠಾಣೆಯಲ್ಲಿ ಬರೆಯುವ ಪೊಲೀಸಿನವನು ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಓದಿ ಹೇಳಿದ್ದ: “ನಲವತ್ತು ಅಡಿ ದೂರದಲ್ಲಿ ಪಾದಚಾರಿಗಳ ಪಟ್ಟೆ ಇದ್ದಾಗ್ಯೂ ಸದರಿ ಯುವತಿಯು ಅದನ್ನು ಬಳಸದೆ ವಾಹನಕ್ಕೆ ಅಡ್ಡ ಬಂದಿದ್ದರಿಂದ... ತಿಳೀತಾ? ತಪ್ಪು ನಿನ್ ಮಗಳ್ದೇ. ಕಾರಿನವ್ರು ದೊಡ್ ಮನ್ಸು ಮಾಡಿ ಬಂಪರ್ ಹೋಯ್ತು ಅಂತ ಕೇಸ್ ಹಾಕಿಲ್ಲ. ಕೈ ಮುಗಿದು ಹೋಗ್ತಾ ಇರು.”

ಅವಳು ಕೈ ಮುಗಿದು ಬಂದಿದ್ದಳು. ಆದರೆ ಆ ಪಟ್ಟೆಯ ಕಥೆ ಈ ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ.

ಐದು ತಿಂಗಳ ಹಿಂದೆ ಇದೇ ಮೇಸ್ತ್ರಿ, ಇದೇ ಗಾಡಿ ಆ ಹೆದ್ದಾರಿಗೆ ಪಟ್ಟೆ ಎಳೆಯಲು ಹೋಗಿತ್ತು. ಬಣ್ಣ ಕಾಯಿಸುತ್ತಿದ್ದಾಗಲೇ ಫೋನು ಬಂತು. ಇಂಜಿನಿಯರ್ ಸಾಹೇಬರ ಮನೆಯ ಕಾಂಪೌಂಡಿನೊಳಗೆ ಕಾರು ನಿಲ್ಲಿಸಲು ಗೆರೆ ಬೇಕಂತೆ, ತಕ್ಷಣ ಬರಬೇಕಂತೆ. ಕಾದ ಬಣ್ಣವೆಲ್ಲ ಅಲ್ಲಿಗೆ ಹೋಯಿತು. ಹೊರಡುವ ಮುಂಚೆ ಮೇಸ್ತ್ರಿ ಕೆಲಸದ ಪುಸ್ತಕ ತೆಗೆದ. ಕೂಲಿಯವರ ಕಡೆಯಿಂದ ಒಬ್ಬರ ಸಹಿ ಬೇಕಿತ್ತು.

“ಗಾಜಿನಕ್ಕ, ನೀನ್ ಬಾ. ಇವ್ರೆಲ್ಲ ಹೆಬ್ಬೆಟ್ಟು. ನೀನೊಬ್ಳೇ ಸಹಿ ಮಾಡೋಳು.”

ಎಲ್ಲರ ಎದುರಿಗೆ ಹಾಗೆ ಕರೆದಾಗ ಅವಳು ಸ್ವಲ್ಪ ಉಬ್ಬಿದ್ದು ನಿಜ. ಹೆಸರು ಬರೆಯುವುದನ್ನು ಮಗಳೇ ಕಲಿಸಿದ್ದಳು, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ, ಒಂದು ತಿಂಗಳು ಕೈ ಹಿಡಿದು. ಹೆಸರು ಬಿಟ್ಟರೆ ಇನ್ನೊಂದಕ್ಷರ ಓದಲು ಬರುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ನಾಲಿಗೆ ಕಚ್ಚಿಕೊಂಡು, ಅಚ್ಚುಕಟ್ಟಾಗಿ ಸಹಿ ಹಾಕಿದಳು. ಮೇಲೆ ಏನು ಬರೆದಿದೆ ಎಂದು ಕೇಳಲಿಲ್ಲ. ಕೇಳಿದರೆ ಓದಲು ಬರುವುದಿಲ್ಲವೆಂದು ಎಲ್ಲರಿಗೂ ತಿಳಿದುಬಿಡುತ್ತಿತ್ತು.

ಠಾಣೆಯಿಂದ ಬಂದ ಮರುದಿನ ಅವಳು ಮೇಸ್ತ್ರಿಯ ಕಾಲು ಹಿಡಿದಿದ್ದಳು. “ಅಲ್ಲಿ ಪಟ್ಟೆ ಎಳ್ದಿಲ್ಲ ಅಂತ ಒಂದ್ ಮಾತು ಹೇಳಣ್ಣ. ನನ್ ಮಗಳ ತಪ್ಪಲ್ಲ ಅಂತಾಗುತ್ತೆ. ತಪ್ಪು ಅವಳ್ದೇ ಅಂತ ಕಾರ್ಖಾನೇವ್ರು ಕೆಲಸದಿಂದ ಹೆಸರು ಹೊಡ್ದಾಕವ್ರೆ.”

“ಸಹಿ ಯಾರ್ದು?” ಎಂದಿದ್ದ ಮೇಸ್ತ್ರಿ. ಆ ದಿನ ಮಾತ್ರ ಅವನು ಬೈಯಲಿಲ್ಲ. “ನಿಂದೇ ಅಲ್ವಾ? ಬಾಯ್ಬಿಟ್ರೆ ಮೊದಲು ಒಳಗೆ ಹೋಗೋಳು ನೀನೇ. ಸುಮ್ನೆ ಗಾಜು ಎರಚ್ಕೊಂಡಿರು.”

ಅವಳು ಸುಮ್ಮನೆ ಗಾಜು ಎರಚಿಕೊಂಡಿದ್ದಳು.

*

ಮನೆಗೆ ಬಂದಾಗ ಬಾಗಿಲಲ್ಲಿ ಸೈಕಲ್ ನಿಂತಿತ್ತು. ಒಳಗೆ ಸೈಕಲ್ ಮೇಷ್ಟ್ರು ಕೂತಿದ್ದರು. ನಿವೃತ್ತರಾದ ಮೇಲೆ ಈ ಮನುಷ್ಯ ಇನ್ನೂ ಮೂವರನ್ನು ಕಟ್ಟಿಕೊಂಡು ಒಂದು ಸಂಘ ಮಾಡಿದ್ದರು. ಪಂಕ್ಚರ್ ಅಂಗಡಿಯ ಮೇಲಿನ ಒಂದೇ ಒಂದು ಕೋಣೆ ಅದರ ಕಚೇರಿ. ನಡೆಯುವವರು, ಸೈಕಲ್ ತುಳಿಯುವವರು ಮನೆಗೆ ಜೀವಂತ ಮುಟ್ಟಬೇಕು ಎನ್ನುವುದು ಅವರ ಬೇಡಿಕೆ. ಮೊದಲ ಸಲ ಈ ಕೇರಿಗೆ ಬಂದಾಗ ಅವರು ತಂದಿದ್ದ ಹಾಳೆಯಲ್ಲಿ ‘ನಡಿಗೆಯಿಂದ ನಿಮಗೆ ಸಿಗುವ ಸಂತೋಷ ಎಷ್ಟು: ಹೆಚ್ಚು, ಸಾಧಾರಣ, ಕಡಿಮೆ’ ಎಂಬ ಪ್ರಶ್ನೆಯಿತ್ತು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮೇಷ್ಟ್ರು ಕಿವಿಯವರೆಗೆ ಕೆಂಪಾಗಿ, ಆ ಪ್ರಶ್ನೆಯನ್ನು ಹೊಡೆದುಹಾಕಿ, ಮರುದಿನದಿಂದ ಹೆದ್ದಾರಿಯ ಬದಿಗೆ ಕೂತು ದಾಟುವವರನ್ನು ಎಣಿಸತೊಡಗಿದ್ದರು. ಅರ್ಜಿ ಹಾಕಿ ಹಾಕಿ ಅವರ ಬೆರಳು ಸವೆದಿತ್ತು.

“ಬಾಮ್ಮ, ಕೂತ್ಕೋ,” ಎಂದರು ಮೇಷ್ಟ್ರು. “ಕೊನೆಗೂ ಕಾಗದ ಸಿಕ್ತು. ಇಲಾಖೆಯವರ ಪುಸ್ತಕದ ನಕಲು. ಪಟ್ಟೆ ಎಳೆದಿದ್ದೀವಿ ಅಂತ ಬರ್ಕೊಂಡಿದ್ದಾರೆ. ಅದಕ್ಕೇ ನಮ್ಮ ಅರ್ಜಿಗಳೆಲ್ಲ ವಾಪಸ್ಸು ಬರ್ತಿದ್ದಿದ್ದು. ಇರೋದನ್ನ ಮತ್ತೆ ಎಳೆಯೋಕೆ ಬರಲ್ವಂತೆ! ಕೆಳಗೆ ಯಾರೋ ಕೂಲಿಯವರ ಸಹಿಯೂ ಇದೆ. ಆ ಪುಣ್ಯಾತ್ಮ ಯಾರು ಅಂತ ಪತ್ತೆ ಮಾಡಿದ್ರೆ...”

ಕಾಗದ ಮಗಳ ಕೈಯಲ್ಲಿತ್ತು. ಹುಡುಗಿ ಗೋಡೆಗೊರಗಿ, ಹೊದಿಕೆಯ ಮೇಲೆ ಅದನ್ನು ಹರಡಿಕೊಂಡು, ನೋಡಿದಳು. ಬಗ್ಗಿ ಇನ್ನೊಮ್ಮೆ ನೋಡಿದಳು.

“ಮೇಷ್ಟ್ರೇ, ಪತ್ತೆ ಮಾಡೋದೇನೂ ಬೇಡ,” ಎಂದಳು. ದನಿಯಲ್ಲಿ ಏನೂ ಇರಲಿಲ್ಲ. “ಸಹೀಲಿ ಕೊಂಬನ್ನ ಇಷ್ಟುದ್ದ ಎಳೀಬೇಡ ಅಂತ ಎಷ್ಟ್ ಸಲ ಬಡ್ಕೊಂಡೆ ಅವ್ವ. ಕೇಳ್ಲೇ ಇಲ್ಲ ನೀನು.”

ಮೇಷ್ಟ್ರು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದರು. ಅರ್ಥವಾದ ಮೇಲೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಓದಕ್ ಬರಲ್ವಲ್ಲೇ ನಂಗೆ,” ಎಂದಳು ತಾಯಿ. “ಸಹಿ ಮಾಡು ಅಂದ್ರು, ಮಾಡ್ದೆ. ಎಲ್ರೂ ನೋಡ್ತಿದ್ರು.”

“ನಂಗೆ ಹೇಳ್ಬೋದಿತ್ತು. ಆರು ವಾರ ಆಯ್ತು. ಯಾವ ಪಟ್ಟೆ ಅವ್ವ, ಎಲ್ಲಿತ್ತು ಅವ್ವ, ನಂಗೇ ಕಾಣಿಸ್ಲಿಲ್ವಾ ಅಂತ ದಿನಾ ಕೇಳ್ದೆ. ನಂದೇ ತಪ್ಪಿರ್ಬೇಕು ಅಂತ ನಾನೇ ನಂಬ್ಕೊಂಡಿದ್ದೆ. ನೀನು ನನ್ ತಲೆ ಬಾಚ್ತಾ ಸುಮ್ನಿದ್ಯಲ್ಲ.”

ತಾಯಿ ಹಣೆ ಹಣೆ ಬಡಿದುಕೊಂಡಳು. ಮಗಳು ತಡೆಯಲಿಲ್ಲ. ಅದೇ ತಾಯಿಯನ್ನು ಹೆಚ್ಚು ನೋಯಿಸಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಆದರೆ ಮೇಷ್ಟ್ರು ಆಗಲೇ ಕೆಮ್ಮಿ ಗಂಟಲು ಸರಿಮಾಡಿಕೊಂಡಿದ್ದರು.

“ನಾಡಿದ್ದು ಇಂಜಿನಿಯರ್ ಸ್ಥಳ ನೋಡೋಕೆ ಬರ್ತಾರೆ. ಹತ್ತು ನಿಮಿಷ ಕೊಟ್ಟಿದ್ದಾರೆ. ನೀನು ಬಂದು ನಿಜ ಹೇಳಿದ್ರೆ... ನಿನ್ ಕೆಲಸ ಹೋಗುತ್ತಮ್ಮ. ಸುಳ್ಳು ಸಹಿ ಅಂತ ಕೇಸೂ ಆಗ್ಬೋದು. ನಾನು ಬಾ ಅಂತ ಹೇಳೋಕಾಗಲ್ಲ.”

ಮಗಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು.

*

ಇಂಜಿನಿಯರ್ ಸಾಹೇಬರು ಸಂಜೆ ಐದಕ್ಕೆ ಜೀಪಿನಲ್ಲಿ ಬಂದಿಳಿದರು. ಇಳಿಯುವಾಗಲೇ ಗಡಿಯಾರ ನೋಡಿಕೊಂಡರು. ಹಿಂದೆ ಫೈಲು ಹಿಡಿದ ಗುಮಾಸ್ತ, ಅವನ ಹಿಂದೆ ಮೇಸ್ತ್ರಿ. ಮೇಷ್ಟ್ರ ಸಂಘದವರು ನಾಲ್ವರು ಬೋರ್ಡು ಹಿಡಿದು ನಿಂತಿದ್ದರು. ಕೇರಿಯ ಹೆಂಗಸರು ಸ್ವಲ್ಪ ದೂರದಲ್ಲಿ ಗುಂಪಾಗಿದ್ದರು. ಗಾಜಿನಕ್ಕನನ್ನು ಕಂಡು ಮೇಸ್ತ್ರಿ ಹಲ್ಲು ಕಡಿದ.

“ನೋಡಿ ಮೇಷ್ಟ್ರೇ, ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ಲ, ನನಗಿದೆ,” ಎಂದರು ಸಾಹೇಬರು. “ದಾಖಲೆ ಪ್ರಕಾರ ಇಲ್ಲಿ ಪಟ್ಟೆ ಹಾಕಿದೆ. ಲಾರಿಗಳ ಓಡಾಟ ಜಾಸ್ತಿ, ಸವೆದುಹೋಗಿರುತ್ತೆ. ಈ ಜನಕ್ಕೆ ಪಟ್ಟೆ ಹಾಕಿದ್ರೂ ಅಷ್ಟೆ, ಬಿಟ್ರೂ ಅಷ್ಟೆ. ದನ ನುಗ್ಗಿದಂಗೆ ನುಗ್ತಾರೆ.”

“ಐದು ತಿಂಗ್ಳಿಗೆ ಸವೆಯಲ್ಲ ಸಾಮಿ.”

ಎಲ್ಲರೂ ತಿರುಗಿದರು. ಗಾಜಿನಕ್ಕ ರಸ್ತೆಯಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಂಗೈಯನ್ನು ಟಾರಿನ ಮೇಲೆ ಉಜ್ಜುತ್ತಿದ್ದಳು. ಎದ್ದು ಬಂದು ಅದನ್ನು ಸಾಹೇಬರ ಮುಖದ ಮುಂದೆ ಹಿಡಿದಳು.

“ಬಿಸಿ ಬಣ್ಣ ಸವೆದ್ರೂ ಟಾರಿನ ತೂತಲ್ಲಿ ಬಿಳಿ ಉಳ್ಕೊಳ್ಳುತ್ತೆ. ಗಾಜು ಕೂತಿರುತ್ತೆ, ಉಜ್ಜಿದ್ರೆ ಕೈಗೆ ಚುಚ್ಚುತ್ತೆ. ನೋಡಿ, ಬರೀ ಕರೀ ಮಸಿ. ಇಲ್ಲಿ ಒಂದ್ ತೊಟ್ಟು ಬಣ್ಣಾನೂ ಬಿದ್ದಿಲ್ಲ. ಅವತ್ತು ಕಾಸಿದ್ ಬಣ್ಣ ನಿಮ್ಮನೆ ಕಾಂಪೌಂಡ್ನಾಗೆ ಬಿದ್ದೈತೆ. ಅದ್ರ ಮೇಲೆ ಗಾಜು ಎರಚ್ದೋಳು ನಾನೇ.”

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಸಾಹೇಬರ ಮುಖ ಕಪ್ಪಿಟ್ಟಿತು. ಗುಮಾಸ್ತ ಫೈಲು ತೆರೆದು ಬೆರಳಿಟ್ಟು ತೋರಿಸಿದ.

“ಈ ಸಹಿ ನಿಂದೇ ಅಲ್ವೇನೇ ಲೌಡಿ?” ಎಂದರು ಸಾಹೇಬರು. ಇಷ್ಟು ಹೊತ್ತಿನ ಮರ್ಯಾದೆ ಜೀಪು ಹತ್ತಿ ಹೋಗಿತ್ತು. “ಸರ್ಕಾರದ ಪುಸ್ತಕದಲ್ಲಿ ಸುಳ್ಳು ಸಹಿ ಹಾಕಿ, ಈಗ ನನ್ನ ಮೇಲೆ ತಿರುಗಿ ಬೀಳ್ತೀಯಾ? ಈಗಲೇ ಪೊಲೀಸರನ್ನ ಕರೆಸ್ತೀನಿ.”

“ಕರ್ಸಿ. ಸಹಿ ನಂದೇ. ಜೈಲಿಗೂ ಬರ್ತೀನಿ. ತಪ್ಪು ನನ್ ಮಗಳ್ದಲ್ಲ ಅಂತ ಬರೀರಿ.”

“ಬರೆಯೋಕಾಗಲ್ಲ! ಪುಸ್ತಕದಲ್ಲಿ ಪಟ್ಟೆ ಇದೆ ಅಂದ್ಮೇಲೆ ಇದೆ. ಹೋಗು.”

ಆಗ ಅವಳಿಗೆ ಏನಾಯಿತೋ, ಕೇರಿಯವರು ಇವತ್ತಿಗೂ ತಲೆಗೊಂದು ಹೇಳುತ್ತಾರೆ. ಅವಳೇನೂ ಕೂಗಾಡಲಿಲ್ಲ. ಮುಂದೆ ಬಂದು ಸಾಹೇಬರ ಮುಂಗೈಯನ್ನು, ಗಡಿಯಾರದ ಸಮೇತ, ಗಟ್ಟಿಯಾಗಿ ಹಿಡಿದುಕೊಂಡಳು. ಒಂಬತ್ತು ವರ್ಷ ಬಿಸಿ ಬಣ್ಣದ ಜೊತೆ ಏಗಿದ ಕೈ ಅದು.

“ಐತೆ ಅಂತೀರಲ್ಲ. ಬನ್ನಿ ಸಾಮಿ, ಅದ್ರ ಮೇಲೇ ದಾಟನ.”

“ಏಯ್! ಕೈ ಬಿಡೇ! ಮೇಸ್ತ್ರಿ, ಹಿಡ್ಕೊಳೋ ಇವಳನ್ನ!”

ಮೇಸ್ತ್ರಿ ಎರಡು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಅವಳು ಮೊದಲ ಸಾಲಿಗೆ ಇಳಿದಾಗಿತ್ತು. ಅಲ್ಲಿಗೆ ಇಳಿಯುವ ಧೈರ್ಯ ಅವನಿಗಿರಲಿಲ್ಲ. ಲಾರಿಯೊಂದು ಕಿರುಚುತ್ತ ಪಕ್ಕಕ್ಕೆ ಹೊರಳಿ ಹೋಯಿತು. ಸಾಹೇಬರ ಬೂಟು ಟಾರಿನ ಮೇಲೆ ಜಾರಿತು.

“ಸಾಯಿಸ್ತೀಯೇನೇ! ಇಲ್ಲಿ ಎಲ್ಲಿದೆ ಪಟ್ಟೆ? ಎಲ್ಲಿ ಅಂತ ದಾಟೋದು ಇಲ್ಲಿ!”

ದಡದಲ್ಲಿದ್ದವರೆಲ್ಲ ಆ ಮಾತನ್ನು ಕೇಳಿಸಿಕೊಂಡರು. ಸಂಘದ ಹೆಂಗಸೊಬ್ಬಳು ಹಿಡಿದಿದ್ದ ಫೋನೂ ಕೇಳಿಸಿಕೊಂಡಿತು. ಮೇಷ್ಟ್ರು ಎರಡೂ ಕೈ ಎತ್ತಿ ಕೂಗಿದರು. “ಹೇಳಿದ್ರಮ್ಮ! ಅವರ ಬಾಯಿಂದಲೇ ಬಂತು! ಸಾಕು, ಬಿಟ್ಬಿಡು, ವಾಪಸ್ ಬಾ!”

ಅವಳಿಗೂ ಕೇಳಿಸಿತು. ಆದರೆ ಬಾಯಿಂದ ಬಂದದ್ದು ಪುಸ್ತಕಕ್ಕೆ ಇಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ನಾಳೆ ಇದೇ ಮನುಷ್ಯ ಕುರ್ಚಿಯಲ್ಲಿ ಕೂತು ಇಲ್ಲ ಅನ್ನುತ್ತಾನೆ. ಸಹಿ ಹಾಕಲು ಇನ್ನೊಬ್ಬಳು ಸಿಗುತ್ತಾಳೆ. ಹಿಡಿದ ಕೈಯನ್ನು ಬಿಡಲಿಲ್ಲ.

“ನನ್ ಮಗಳು ನಾಲ್ಕು ದಾಟಿದ್ಲು ಸಾಮಿ,” ಎಂದಳು. “ಇದಿನ್ನೂ ಒಂದೇ.”

ಆ ಬದಿಯಲ್ಲಿ ಕಾರ್ಖಾನೆ ಬಿಟ್ಟಿತ್ತು. ಕೆಲಸ ಮುಗಿಸಿದ ಹುಡುಗಿಯರು ಡಬ್ಬಿ ಹಿಡಿದು ರಸ್ತೆಯಂಚಿನಲ್ಲಿ ಸಾಲಾಗಿ ನಿಂತು, ವಾಹನಗಳ ನಡುವೆ ಓಡಲು ಸಂದು ಹುಡುಕುತ್ತಿದ್ದರು. ನಡುರಸ್ತೆಯಲ್ಲಿ ಇಸ್ತ್ರಿ ಬಟ್ಟೆಯ ದೊಡ್ಡ ಮನುಷ್ಯನೊಬ್ಬ ನಡೆದು ಬರುತ್ತಿರುವುದನ್ನು ಕಂಡು, ಇವತ್ತು ಅವನಿಗೋಸ್ಕರ ಗಾಡಿಗಳನ್ನೆಲ್ಲ ನಿಲ್ಲಿಸಿರಬೇಕು ಎಂದುಕೊಂಡು, ಅವರೂ ಒಬ್ಬೊಬ್ಬರಾಗಿ ರಸ್ತೆಗೆ ಇಳಿದರು.